ನಮ್ಮ ವಕೀಲ್ರು ಇವ್ರೇ ರೀ

ನ್ಯಾಯಾಧೀಶರು ಫೈಲಿನಿಂದ ತಲೆ ಎತ್ತದೆಯೇ "ನಿನ್ನ ವಕೀಲರು ಯಾರಪ್ಪ?" ಎಂದು ಕೇಳಿದರು. ಕಟಕಟೆಯಲ್ಲಿ ನಿಂತಿದ್ದ ಆರೋಪಿಗೆ ಮೂವತ್ತು ದಾಟಿರಬಹುದು. ಮೂರು ತಿಂಗಳು ಜೈಲಿನ ಅನ್ನ ತಿಂದ ಮುಖ. ಅವನು ಯೋಚಿಸಲೂ ಇಲ್ಲ. ಕೈ ಎತ್ತಿ ನೇರವಾಗಿ ನನ್ನತ್ತ ತೋರಿಸಿ, "ಇವ್ರೇ ರೀ ಸಾಹೇಬ್ರ. ನಮ್ಮ ವಕೀಲ್ರು ಇವ್ರೇ ರೀ" ಎಂದ.

ನಾನು ಆ ಕೋರ್ಟಿನಲ್ಲಿ ಸರ್ಕಾರಿ ವಕೀಲೆ. ಅವನು ಅಪರಾಧಿ ಎಂದು ಸಾಬೀತು ಮಾಡುವುದಕ್ಕೇ ಸರ್ಕಾರ ನನಗೆ ತಿಂಗಳಿಗಿಷ್ಟು ಅಂತ ಕೊಡುತ್ತಿತ್ತು.

ಕೋರ್ಟು ಗೊಳ್ಳೆಂದಿತು. ಹಿಂದಿನ ಬೆಂಚಿನ ವಕೀಲರು ಮೇಜು ತಟ್ಟಿ ನಕ್ಕರು, ಟೈಪಿಸ್ಟ್ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಜೈಲಿನಲ್ಲಿ ಕೂತು ಕೂತು ಪಾಪ ತಲೆ ಕೆಟ್ಟಿದೆ ಅಂದುಕೊಂಡೆ. ಅಷ್ಟರಲ್ಲಿ ಬೆಂಚ್ ಕ್ಲರ್ಕ್ ಆರೋಪಿಯ ತಂದೆಯ ಹೆಸರು, ಊರು ಓದಿದರು. ಕಮಲಾಪುರದ ಹತ್ತಿರದ, ಮಹಾಗಾಂವದ ದಾರಿಯ ಒಂದು ಹಳ್ಳಿ. ನನ್ನ ನಗೆ ಅಲ್ಲಿಗೇ ನಿಂತಿತು. ಆ ತಂದೆ ಹನ್ನೊಂದು ವರ್ಷದಿಂದ ನನ್ನ ಕಕ್ಷಿದಾರ. ಅವನ ಹೊಲದ ದಾರಿಯ ದಾವೆಯ ಫೈಲು ಆವತ್ತೂ ನನ್ನ ಮನೆಯ ಕಪಾಟಿನಲ್ಲೇ ಇತ್ತು.

ಆ ದಿನ ಹನ್ನೆರಡು ಹೊಸ ಕೇಸುಗಳು ನನ್ನ ಮೇಜಿಗೆ ಬಂದಿದ್ದವು. ಒಂದನ್ನೂ ಸರಿಯಾಗಿ ಬಿಚ್ಚಿ ನೋಡಿರಲಿಲ್ಲ. ಇದು ನನ್ನ ತಪ್ಪು, ಇದಕ್ಕೆ ಯಾವ ಸಬೂಬೂ ಇಲ್ಲ. ನ್ಯಾಯಾಧೀಶರಿಗೆ "ಹದಿನೈದು ದಿನ ಸಮಯ ಕೊಡಿ ಸ್ವಾಮಿ" ಅಂದೆ. ಯಾಕೆ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರೋಪಿಗೆ ಕಾನೂನು ನೆರವಿನ ವಕೀಲರನ್ನು ಗೊತ್ತು ಮಾಡಿ ಎಂದು ಬರೆಸಿ ಅವರು ಮುಂದಿನ ಕೇಸು ಕರೆದರು. ಹುಡುಗ ಪೊಲೀಸರ ಜೊತೆ ಹೋಗುವಾಗ ನನ್ನನ್ನು ನೋಡಿ ಸಮಾಧಾನದಿಂದ ತಲೆ ಆಡಿಸಿದ. ಎಲ್ಲಾ ನಮ್ಮವರ ಕೈಯಲ್ಲೇ ಇದೆ ಎನ್ನುವ ಹಾಗೆ.

ಇಲ್ಲಿ ನನ್ನ ಕೆಲಸದ ವಿಚಾರ ನಾಲ್ಕು ಮಾತು ಹೇಳಬೇಕು, ಇಲ್ಲದಿದ್ದರೆ ಆ ಹುಡುಗ ಹುಚ್ಚನ ಹಾಗೆ ಕಾಣುತ್ತಾನೆ. ಅವನು ಹುಚ್ಚನಲ್ಲ.

ಸರ್ಕಾರದ ಪರ ವಾದಿಸುವವರಲ್ಲಿ ಎರಡು ಜಾತಿ. ಕೆಳಗಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಇರುವವರು ಪರೀಕ್ಷೆ ಬರೆದು ಬಂದ ಪೂರಾ ನೌಕರರು. ಅವರಿಗೆ ಸಂಬಳ, ರಜೆ, ಬಡ್ತಿ ಎಲ್ಲ ಉಂಟು. ಅದಕ್ಕೆ ಪ್ರತಿಯಾಗಿ ಖಾಸಗಿ ವಕೀಲಿ ಪೂರ್ತಿ ಬಂದ್. ಸ್ವಂತ ತಮ್ಮನಿಗೊಂದು ನೋಟಿಸು ಬರೆದುಕೊಡುವ ಹಾಗಿಲ್ಲ. ಮೇಲಿನ ಸೆಷನ್ಸ್ ಕೋರ್ಟಿಗೆ ಮಾತ್ರ ನಮ್ಮಂಥ ಖಾಸಗಿ ವಕೀಲರನ್ನೇ ಆರಿಸಿ ಒಂದಿಷ್ಟು ವರ್ಷಕ್ಕೆ ಕೂರಿಸುತ್ತಾರೆ. ಬೇಡವಾದ ದಿನ ಎಬ್ಬಿಸುತ್ತಾರೆ. ನಮಗೆ ಕೊಡುವುದು ಸಂಬಳ ಅಲ್ಲ, ಗೌರವಧನದಂಥ ಶುಲ್ಕ. ಅದೂ ಬಂದರೆ ಬಂತು, ಎರಡು ತಿಂಗಳು ತಡವಾದರೆ ಕೇಳುವವರಿಲ್ಲ. ಅಷ್ಟು ಹಣದಲ್ಲಿ ಕಚೇರಿ ನಡೆಯದು ಎಂದು ಅವರಿಗೂ ಗೊತ್ತು. ಅದಕ್ಕೇ ನೇಮಕದ ಆದೇಶದಲ್ಲಿ ಒಂದು ಕಿಂಡಿ ಬಿಟ್ಟಿರುತ್ತಾರೆ: ಯಾವ ಆರೋಪಿಯ ಪರವೂ ನಿಲ್ಲಬಾರದು, ಸರ್ಕಾರದ ವಿರುದ್ಧ ನಿಲ್ಲಬಾರದು, ಆದರೆ ಖಾಸಗಿಯವರ ಸಿವಿಲ್ ದಾವೆ ನಡೆಸಬಹುದು.

ಆದೇಶ ಬಂದ ದಿನ ಶರಣಬಸವೇಶ್ವರ ಗುಡಿಯ ಹತ್ತಿರದ ನಮ್ಮ ಓಣಿಯಲ್ಲಿ ಪೇಡೆ ಹಂಚಿದೆ. ಇಪ್ಪತ್ತು ವರ್ಷ ಹೊಲದ ಬದು, ಬಾಡಿಗೆ ಮನೆ, ಪಾಲುಪಟ್ಟಿ ಅಂತ ಸಿವಿಲ್ ಕೇಸುಗಳಲ್ಲೇ ಸವೆದವಳು ನಾನು. ಕೊಲೆ ಕೇಸು ತಂದವರು ನನ್ನ ಮೇಜಿನ ಮುಂದೆ ಒಂದು ನಿಮಿಷ ನಿಂತು, ಹೆಣ್ಣುಮಗಳು ಅಂತ ನೋಡಿ, ಪಕ್ಕದ ಮೇಜಿಗೆ ಹೋಗುತ್ತಿದ್ದರು. ಆ ಸಿಟ್ಟು ನನ್ನಲ್ಲಿ ಇಪ್ಪತ್ತು ವರ್ಷ ಕುದ್ದಿತ್ತು. ಈಗ ಜಿಲ್ಲೆಯ ಕೊಲೆ ಕೇಸುಗಳೆಲ್ಲ ನಡೆದುಕೊಂಡು ನನ್ನ ಮೇಜಿಗೇ ಬರುತ್ತವೆ ಅಂದರೆ ಪೇಡೆ ಹಂಚದೆ ಇರಲಾದೀತೇ? ಶಾಲಾ ಮಾಸ್ತರರಾದ ನನ್ನ ಗಂಡ ಮಾತ್ರ ಆದೇಶವನ್ನು ಎರಡು ಸಲ ಓದಿ, "ಎರಡು ದೋಣಿ ಮ್ಯಾಲ ಕಾಲಿಡು ಅಂತ ಸರಕಾರನ ಬರದು ಕೊಟ್ಟಂಗ ಅದ ಇದು" ಅಂದರು. ನಿಮಗೆ ಹೊಟ್ಟೆಕಿಚ್ಚು ಅಂತ ಅವರ ಬಾಯಿಗೆ ಪೇಡೆ ತುರುಕಿದೆ.

ಇದ್ದ ಎಂಟು ಹತ್ತು ಕ್ರಿಮಿನಲ್ ಫೈಲುಗಳನ್ನು ನಿಯಮದ ಪ್ರಕಾರ ಬೇರೆಯವರಿಗೆ ಕೊಟ್ಟೆ. ಸಿವಿಲ್ ಫೈಲುಗಳನ್ನು ಇಟ್ಟುಕೊಂಡೆ. ಆರೋಪಿಯ ತಂದೆ, ಆ ಮುದುಕನ ದಾರಿಯ ಕೇಸೂ ಹಾಗೆ ಉಳಿದದ್ದು. ಅವನಿಗೂ ಅವನ ಚಿಕ್ಕಪ್ಪನ ಮಗನಿಗೂ ಹೊಲ ಅಕ್ಕಪಕ್ಕ. ಎತ್ತಿನ ಬಂಡಿ ಹೋಗುವಷ್ಟು ದಾರಿ ತನ್ನದು ಎಂದು ಇವನು, ಕಾಲುದಾರಿ ಮಾತ್ರ ಎಂದು ಅವನು. ಕಾಗದದ ಮೇಲೆ ಅದು ಶುದ್ಧ ಸಿವಿಲ್. ಆದರೆ ಆ ನಿಯಮ ಬರೆದ ಪುಣ್ಯಾತ್ಮ ಒಂದು ದಿನವೂ ನಮ್ಮ ಕಡೆಯ ತೊಗರಿ ಹೊಲದ ಬದುವಿನ ಮೇಲೆ ನಿಂತವನಲ್ಲ. ಇಲ್ಲಿ ಬೆಳಿಗ್ಗೆ ಸಿವಿಲ್ ಆಗಿದ್ದ ಜಗಳ ಮಧ್ಯಾಹ್ನದ ರೊಟ್ಟಿ ಬರುವುದರೊಳಗೆ ಕ್ರಿಮಿನಲ್ ಆಗಿರುತ್ತದೆ.

ಆಗಿದ್ದೂ ಅದೇ. ಮುದುಕನ ಮಗ ಬಂಡಿ ಹೊಡೆದುಕೊಂಡು ಹೊರಟ, ಎದುರಿನವರ ಮಗ ಅಡ್ಡ ನಿಂತ. ಅಡ್ಡ ನಿಂತವನಿಗೆ ಕೊಡಲಿ ಏಟು ಬಿತ್ತು. ಅಡ್ಡ ಹಿಡಿದ ಬಲಗೈಗೆ ಬಿದ್ದದ್ದರಿಂದ ತಲೆ ಉಳಿಯಿತು, ಕೈ ಸ್ವಾಧೀನ ತಪ್ಪಿತು. ಕೊಲೆ ಯತ್ನ ಅಂತ ಕೇಸಾಯಿತು. ಹುಡುಗ ಜೈಲಿಗೆ ಹೋದ. ಇಷ್ಟೆಲ್ಲ ನಡೆದು ಮೂರು ತಿಂಗಳಾದರೂ ನನಗೆ ಗೊತ್ತಿರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ನಡುವೆ ಮುದುಕ ಒಂದೇ ಒಂದು ಸಲ ಫೋನು ಮಾಡಿದ್ದ. ನಾನು ಕೋರ್ಟಿನ ಮೆಟ್ಟಿಲು ಇಳಿಯುತ್ತಿದ್ದೆ. "ಕೇಸು ಮ್ಯಾಲಿನ ಕೋರ್ಟಿಗೆ ಬರ್ತದಂತ್ರಿ. ಅಲ್ಲಿ ನೀವ ಇರ್ತೀರಲ್ರಿ?" ಎಂದಿದ್ದ. ದಾರಿಯ ದಾವೆ ಮೇಲ್ಮನವಿಗೆ ಹೋಗುವ ಮಾತು ಆಗಾಗ ನಡೆಯುತ್ತಿತ್ತು, ಅದೇ ಅಂದುಕೊಂಡೆ. "ಇರ್ತೀನಪ್ಪ, ಎಲ್ಲಿ ಹೋಗ್ಲಿ ನಾನು?" ಅಂದು ಆಟೋ ಹತ್ತಿದ್ದೆ.

ಆರೋಪಿ ನನ್ನತ್ತ ಕೈ ತೋರಿಸಿದ ಆ ದಿನ ಕೋರ್ಟು ಮುಗಿಸಿ ಹೊರಗೆ ಬಂದರೆ ವರಾಂಡದಲ್ಲಿ ಒಬ್ಬ ಪೇದೆ ನನಗಾಗಿ ಕಾಯುತ್ತಿದ್ದ. ಜೊತೆಗೆ ಏಟು ತಿಂದವನು. "ಇವ್ರೇ ನೋಡಪಾ ನಿಮ್ಮ ಕೇಸಿನ ಸರಕಾರಿ ವಕೀಲ್ರು" ಎಂದು ಪೇದೆ ಪರಿಚಯ ಮಾಡಿಸಿದ. ಅವನು ನನ್ನ ಮುಖ ನೋಡಿದವನು ಎರಡು ಹೆಜ್ಜೆ ಹಿಂದೆ ಸರಿದ.

"ಇವ್ರಾ? ಇವ್ರು ಅವ್ರ ವಕೀಲ್ರು! ನಮ್ಮಪ್ಪಗ ಕೋರ್ಟಿನ್ಯಾಗ ನಿಂದ್ರಿಸಿ ಸುಳ್ಳ ಅದಿ ನೀ ಅಂದವ್ರು ಇವ್ರೇ."

ಅಂದದ್ದು ನಿಜ. ಅವನ ಅಪ್ಪನನ್ನು ನಾನು ಎರಡು ದಿನ ಪಾಟಿ ಸವಾಲಿಗೆ ಹಿಡಿದಿದ್ದೆ. ಚೆನ್ನಾಗಿ ಹಿಡಿದೆ ಅಂತ ಮನೆಗೆ ಬಂದು ಹೇಳಿಕೊಂಡೂ ಇದ್ದೆ.

"ಅದು ಬ್ಯಾರೆ ಕೇಸಪ್ಪ," ಅಂದೆ.

"ಹೊಲ ಅದ. ದಾರಿ ಅದ. ಅವ್ರೂ ಅವ್ರ, ನಾವೂ ನಾವ. ಬ್ಯಾರೆ ಹ್ಯಾಂಗ ಆಯ್ತರೀ?" ಅವನ ಬಲಗೈ ಬೆರಳುಗಳು ಅರ್ಧ ಮಡಚಿಕೊಂಡು ಹಾಗೇ ನಿಂತಿದ್ದವು. "ನಮ್ಮ ಪರ ಯಾರ ನಿಂದರ್ತಾರ ಹಂಗಾದ್ರ?"

"ಸರ್ಕಾರ ನಿಂದರ್ತದ."

"ಸರಕಾರ ಅಂದ್ರ ನೀವ ಅಲ್ರೀ?"

ಪೇದೆ ನೆಲ ನೋಡಿದ. ನಾನು ಫೈಲು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಇಳಿದೆ. ನಾಚಿಕೆಯಾಯಿತು. ಆ ನಾಚಿಕೆ ನನ್ನ ಮೇಲಿನ ಸಿಟ್ಟಾಗಿ, ದಾರಿಯುದ್ದಕ್ಕೂ ಆಟೋದವನ ಮೇಲೆ ಹರಿಯಿತು.

ಮನೆಗೆ ಬಂದು ಫೈಲು ಬಿಚ್ಚಿದೆ. ಬಂಧಿಸಿದ ದಿನವೇ ಮ್ಯಾಜಿಸ್ಟ್ರೇಟರು ಕೇಳಿದ್ದಾರೆ, ಆರೋಪಿ 'ವಕೀಲರಿದ್ದಾರೆ' ಎಂದಿದ್ದಾನೆ. ಮುಂದಿನ ಸಲವೂ ಅದೇ. ಕಾನೂನು ನೆರವಿನ ವಕೀಲರೊಬ್ಬರು ಜೈಲಿಗೇ ಹೋಗಿದ್ದಾರೆ. 'ನಮಗೆ ವಕೀಲರಿದ್ದಾರೆ, ಬೇರೆಯವರು ಬೇಡ' ಎಂದು ಅವನು ಬರೆದುಕೊಟ್ಟು ಸಹಿ ಮಾಡಿದ್ದಾನೆ. ಮೂರು ತಿಂಗಳಲ್ಲಿ ಒಂದೇ ಒಂದು ಜಾಮೀನು ಅರ್ಜಿ ಇಲ್ಲ. ಒಬ್ಬ ಮನುಷ್ಯ ನನ್ನ ಹೆಸರು ನೆಚ್ಚಿಕೊಂಡು, ಬೇಸಿಗೆಯ ಆ ಕಾವಿನಲ್ಲಿ, ಜೈಲಿನಲ್ಲಿ ಸುಮ್ಮನೆ ಕೂತಿದ್ದ. ನಾನು ಅದೇ ಊರಿನಲ್ಲಿ ಹೊಸ ಕರಿ ಕೋಟು ಹೊಲಿಸಿಕೊಂಡು ಓಡಾಡುತ್ತಿದ್ದೆ.

ಈ ಕೇಸಿನಿಂದ ಹಿಂದೆ ಸರಿಯಬೇಕು ಎಂದು ಅವತ್ತೇ ತೀರ್ಮಾನಿಸಿದೆ. ದಾರಿಯ ಫೈಲನ್ನೂ ವಾಪಸು ಕೊಡಬೇಕು. ಸೋಮವಾರ ಮೇಲಿನವರಿಗೆ ಪತ್ರ ಕೊಡುವುದು ಎಂದುಕೊಂಡೆ. ಅಲ್ಲಿಗೇ ನಿಂತಿದ್ದರೆ ಇದು ಬಾರ್ ಅಸೋಸಿಯೇಷನ್ನಿನಲ್ಲಿ ಚಹಾ ಕುಡಿಯುತ್ತಾ ಹೇಳಿ ನಗುವ ಕಥೆಯಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಮುದುಕ ಮನೆಗೆ ಬಂದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು. ಹನ್ನೊಂದು ವರ್ಷದಲ್ಲಿ ಅವನು ಬರಿಗೈಯಲ್ಲಿ ಬಂದವನೇ ಅಲ್ಲ. ನಮ್ಮ ಕಡೆ ಹಳೆಯ ಮನೆತನಗಳಿಗೆಲ್ಲ ಒಬ್ಬೊಬ್ಬ 'ಮನಿ ವಕೀಲ' ಇರುತ್ತಾನೆ. ಕಾಗದ ಯಾವುದು ಬಂದರೂ ಒಡೆಯದೆ ಅವನ ಹತ್ತಿರ ಒಯ್ಯುವುದು, ಅವನನ್ನು ಕೇಳದೆ ಸಹಿ ಹಾಕದಿರುವುದು, ಅವನಿರುವಾಗ ಇನ್ನೊಬ್ಬ ವಕೀಲನ ಮೆಟ್ಟಿಲು ಹತ್ತದಿರುವುದು. ಹತ್ತಿದರೆ ಮನೆ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಇಟ್ಟುಕೊಂಡ ಹಾಗೆ ಎಂದು ಇವನೇ ಒಮ್ಮೆ ನನಗೆ ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಿದ್ದ.

"ಮಗನ್ನ ನೋಡಿದಿರೇನ್ರಿ ಯವ್ವಾ? ಸೊರಗ್ಯಾನಲ್ರಿ?" ಅಂದ.

ನಾನು ಬಾಗಿಲಲ್ಲೇ ನಿಂತೆ. ಕುಳಿತುಕೋ ಅನ್ನಲಿಲ್ಲ. "ನಾ ನಿಮ್ಮ ಮಗನ ವಕೀಲ ಅಲ್ಲ. ನಾ ಸರ್ಕಾರದ ಕಡೆ. ಅವನಿಗೆ ಶಿಕ್ಷೆ ಕೊಡ್ರಿ ಅಂತ ಕೇಳೋದು ನನ್ನ ಕೆಲಸ. ಮೂರು ತಿಂಗಳು ಯಾಕ ಸುಮ್ಮ ಕೂತ್ರಿ? ಒಂದು ಜಾಮೀನು ಅರ್ಜಿ ಹಾಕಿಲ್ಲ ನೀವು!"

ಅವನು ನಕ್ಕ. ಮಕ್ಕಳು ಸಿಟ್ಟಿಗೆದ್ದಾಗ ಹಿರಿಯರು ನಗುವ ನಗೆ. "ನೀವು ಸರಕಾರಿ ಆದ್ರಿ ಅಂತ ಊರಾಗ ಎಲ್ಲರಿಗೂ ಗೊತ್ತದರಿ. ಕೆಳಗಿನ ಕೋರ್ಟಿನ್ಯಾಗ ನಿಮ್ಮ ಕೈ ನಡಿಯಂಗಿಲ್ಲ, ಮ್ಯಾಲ ಬಂದ ಮ್ಯಾಲ ನೋಡಿಕೋತಾರ ಅಂದ್ರು ಮಂದಿ. ಫೋನಿನ್ಯಾಗ ನೀವೂ ಇರ್ತೀನಿ ಅಂದ್ರಿ. ಅದಕ್ಕ ಕಾದ್ವಿ. ಹೊಲದ ಕೇಸು ಇನ್ನೂ ನೀವ ನಡಸಾಕತ್ತೀರಿ. ಅದಕ್ಕ ವಕೀಲ್ರು, ಇದಕ್ಕ ಅಲ್ಲ ಅಂದ್ರ ಹ್ಯಾಂಗ? ತಲಿ ನೋಡವ್ರು ಕಾಲು ನೋಡಂಗಿಲ್ಲೇನು?"

ಇದು ಎಂಥ ತರ್ಕ ಎಂದು ಬೈಯೋಣ ಅಂದರೆ, ನಿಯಮಕ್ಕಿಂತ ಅದೇ ಹೆಚ್ಚು ಸರಿಯಾಗಿ ಕಂಡಿತು. ನಾನು ಮತ್ತೆ ವಿವರಿಸಲು ಬಾಯಿ ತೆರೆದೆ. ಅವನು ಅಷ್ಟರಲ್ಲಿ ಹೊಸ್ತಿಲ ಹತ್ತಿರ ಬಂದು, ದನಿ ತಗ್ಗಿಸಿದ.

"ಒಂದು ಮಾತು ನಿಮಗಷ್ಟ ಹೇಳ್ತೀನ್ರಿ. ಪೊಲೀಸ್ರು ಭಾಳ ಹುಡುಕಿದ್ರು..."

ಇಲ್ಲಿ ನಾನು ತಡೆಯಬಹುದಿತ್ತು. ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. 'ಸಾಕು' ಎಂಬ ಒಂದು ಮಾತು. ಬಾಗಿಲು ಮುಚ್ಚಿದ್ದರೂ ಆಗುತ್ತಿತ್ತು. ಅವನು ಏನು ಹೇಳಲು ಹೊರಟಿದ್ದಾನೆ ಎಂದು ಇಪ್ಪತ್ತು ವರ್ಷ ವಕೀಲಿಕೆ ಮಾಡಿದ ನನಗೆ ಅರ್ಥವಾಗಿತ್ತು. ಆದರೂ ಸುಮ್ಮನಿದ್ದೆ. ಯಾಕೆಂದರೆ ಕೇಳಬೇಕು ಅನ್ನಿಸಿತು. ಚಾಳಿ ಅನ್ನಿ, ಚಪಲ ಅನ್ನಿ. ಕಕ್ಷಿದಾರ ದನಿ ತಗ್ಗಿಸಿದರೆ ಕಿವಿ ಹತ್ತಿರ ಒಯ್ಯುವುದು ನನ್ನ ಮೈಯಲ್ಲೇ ಸೇರಿಹೋಗಿದೆ.

"ಕೊಡ್ಲಿ ಹಾಳ ಬಾವ್ಯಾಗ ಅದರಿ. ನಾನ ಒಗದೀನಿ. ಇರ್ಲಿ ಬಿಡ್ರಿ ಅಲ್ಲೇ?"

ಹಾಳು ಬಾವಿ ಯಾವುದು ಎಂದು ಕೇಳುವ ಅಗತ್ಯ ನನಗಿರಲಿಲ್ಲ. ದಾರಿಯ ಕೇಸಿಗೆ ಕೋರ್ಟಿನ ಕಮಿಷನರು ಬಂದು ನಕ್ಷೆ ಬರೆದಾಗ ನಾನೇ ಬದುವಿನ ಮೇಲೆ ನಿಂತು ಅಳತೆ ಹಿಡಿಸಿದ್ದೆ. ಬೇವಿನ ಮರದಿಂದ ಬಾವಿಗೆ ಎಷ್ಟು ಅಡಿ, ಬಾವಿಯಿಂದ ದಾರಿಗೆ ಎಷ್ಟು ಅಡಿ, ಎಲ್ಲ ನನ್ನ ಕಪಾಟಿನಲ್ಲಿತ್ತು.

ಬಾಗಿಲ ಚೌಕಟ್ಟು ಹಿಡಿದುಕೊಂಡು "ಹೋಗ್ರಿ" ಅಂದೆ. "ಮೊದಲ ಇಲ್ಲಿಂದ ಹೋಗ್ರಿ. ನನಗೇನೂ ಹೇಳಬ್ಯಾಡ್ರಿ. ಬ್ಯಾರೆ ವಕೀಲರ ಹತ್ರ ಹೋಗ್ರಿ. ಹೊಲದ ಫೈಲೂ ಒಯ್ರಿ."

ಅವನ ಮುಖದ ನಗೆ ನಿಧಾನ ಇಳಿಯಿತು. ಅರ್ಥವಾಗಲಿಲ್ಲ ಅವನಿಗೆ. "ನಾವೇನು ತಪ್ಪು ಮಾಡೀವಿ ಯವ್ವಾ? ಸರಕಾರ ಈಗ ಪಗಾರ ಕೊಡಾಕತ್ತದ ಖರೆ. ನಾವು ಹನ್ನೊಂದು ವರ್ಷ ಕೊಟ್ಟೀವಲ್ರಿ. ಅವ್ರದು ನೆನಪಿಟ್ಟು ನಮ್ದು ಮರತ್ರೇನು?"

ನಾನು ಬಾಗಿಲು ಹಾಕಿದೆ. ಹನ್ನೊಂದು ವರ್ಷದಲ್ಲಿ ಅವನ ಮುಖಕ್ಕೆ ಬಾಗಿಲು ಹಾಕಿದ್ದು ಅದೇ ಮೊದಲು. ಬಾಳೆಹಣ್ಣು ಕಟ್ಟೆಯ ಮೇಲೆ ಉಳಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಂಡ ಅದನ್ನು ಓಣಿಯ ಆಕಳಿಗೆ ಹಾಕಿ ಬಂದರು.

ಮಧ್ಯಾಹ್ನ ಊರಂಚಿನ ಕುಸನೂರಿಗೆ ಹೋದೆ. ನನಗೆ ವಕೀಲಿಕೆ ಕಲಿಸಿದ ಹಿರಿಯರು ಅಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಹಿಂದೆ ಸುತ್ತಲೂ ಹೊಲವಿತ್ತು, ಈಗ ಹಾಸ್ಟೆಲ್ಲುಗಳು, ಜೆರಾಕ್ಸ್ ಅಂಗಡಿಗಳು. ಅವರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಹೆಸರು, ಊರು ಹೇಳದೆ ನಡೆದದ್ದನ್ನೆಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಕಕ್ಷಿದಾರ ನಂಬಿ ಹೇಳಿದ್ದು ಹೊರಗ ಹೋಗಬಾರದು. ಇದು ನಿನಗ ಮೊದಲ ದಿನ ಕಲಿಸೀನಿ."

"ಸರ್, ಅವ ಆ ಕೇಸಿನ್ಯಾಗ ನನ್ನ ಕಕ್ಷಿದಾರ ಅಲ್ಲ."

"ಹಂಗಾದ್ರ ಪೊಲೀಸ್ರಿಗೆ ಹೇಳು."

"ನನ್ನನ್ನ ವಕೀಲ ಅಂತ ನಂಬಿನ ಹೇಳ್ಯಾನಲ್ರಿ ಸರ್."

"ಹಂಗಾದ್ರ ಹೇಳಬ್ಯಾಡ." ಅವರು ತಾಟಿನಿಂದ ಕಣ್ಣೆತ್ತಿದರು. "ಹೇಳಿದ್ದು ಅವನ ತಪ್ಪಲ್ಲವ್ವಾ. ಕೇಳಿಸ್ಕೊಂಡಿದ್ದು ನಿನ್ನ ತಪ್ಪು. ಈಗ ಯಾವ ಕಡೆ ಹೋದ್ರೂ ಒಬ್ಬರಿಗೆ ಮೋಸ. ಯಾರಿಗೆ ಅಂತ ನೀನ ಆರಿಸ್ಕೋಬೇಕು. ನಾ ಆರಿಸಿ ಕೊಡಂಗಿಲ್ಲ."

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥ ಗೊತ್ತಾಗಿದ್ದು ಅವತ್ತು. ನಾನು ಬಾಯಿ ಬಿಟ್ಟರೆ ಮುದುಕ, ಮಗ ಇಬ್ಬರೂ ಒಳಗೆ. ನನ್ನನ್ನು ಮಗಳ ಹಾಗೆ ನಂಬಿದವನನ್ನು ನಾನೇ ಹಿಡಿದು ಕೊಟ್ಟ ಹಾಗೆ. ಬಿಡದಿದ್ದರೆ ಆ ಅರ್ಧ ಮಡಚಿದ ಬೆರಳುಗಳ ಮನುಷ್ಯನಿಗೆ, ಸರ್ಕಾರ ನಿನ್ನ ಪರ ನಿಲ್ಲುತ್ತದೆ ಎಂದು ನಾನು ಹೇಳಿದ್ದು ಸುಳ್ಳು.

ರಾತ್ರಿ ಪತ್ರ ಬರೆದೆ. ಮೊದಲ ವಾಕ್ಯ: ಸದರಿ ಪ್ರಕರಣದ ಆರೋಪಿಯ ತಂದೆ ಒಂದು ಸಿವಿಲ್ ದಾವೆಯಲ್ಲಿ ನನ್ನ ಕಕ್ಷಿದಾರರಾಗಿರುತ್ತಾರೆ. ಎರಡನೆಯ ವಾಕ್ಯ: ಆದ್ದರಿಂದ ಪ್ರಕರಣವನ್ನು ಬೇರೆ ಅಭಿಯೋಜಕರಿಗೆ ವಹಿಸಬೇಕಾಗಿ ವಿನಂತಿ. ಮೂರನೆಯ ವಾಕ್ಯವನ್ನೂ ಟೈಪ್ ಮಾಡಿದೆ. ಅದರಲ್ಲಿ ಬಾವಿ ಇತ್ತು. ಅದನ್ನು ನೋಡುತ್ತಾ ಕೂತೆ. ಆಮೇಲೆ ಅಳಿಸಿದೆ. ಕಂಪ್ಯೂಟರಿನಲ್ಲಿ ಅಳಿಸುವುದು ಎಷ್ಟು ಸುಲಭ ನೋಡಿ, ಕಾಗದದ ಮೇಲೆ ಗೀಟಿನ ಗುರುತಾದರೂ ಉಳಿಯುತ್ತಿತ್ತು.

ಹದಿನೈದು ದಿನದ ಮೇಲೆ ತೆರೆದ ಕೋರ್ಟಿನಲ್ಲಿ ಎದ್ದು ನಿಂತು ಅದೇ ಎರಡು ವಾಕ್ಯಗಳನ್ನು ಹೇಳಿದೆ. ಏಟು ತಿಂದವನು ಕೊನೆಯ ಬೆಂಚಿನಲ್ಲಿದ್ದ. ನ್ಯಾಯಾಧೀಶರು "ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು" ಎಂದರು. ಹಿಂದೆ ಮೇಜು ತಟ್ಟಿ ನಕ್ಕಿದ್ದ ವಕೀಲರೇ ಈಗ ಬಂದು ಕೈ ಕುಲುಕಿದರು. ಮನೆಗೆ ಬಂದು ಆ ದಿನ ಅನ್ನ ಮುಟ್ಟಲಿಲ್ಲ.

ಬೇರೆ ಅಭಿಯೋಜಕರು ಕೇಸು ತೆಗೆದುಕೊಂಡರು. ಆದೇಶ ಓಡಾಡಿ ಬರುವಷ್ಟರಲ್ಲಿ ಇನ್ನೂ ಮೂರು ವಾರ ಹೋಯಿತು, ಹುಡುಗ ಅಷ್ಟು ದಿನ ಹೆಚ್ಚಿಗೆ ಒಳಗಿದ್ದ. ಆಮೇಲೆ ಜಾಮೀನು ಸಿಕ್ಕಿತು. ಹೊಲದ ಫೈಲು ಒಯ್ಯಲು ಮುದುಕ ತಾನು ಬರಲಿಲ್ಲ, ಹೊಸ ವಕೀಲರ ಗುಮಾಸ್ತನನ್ನು ಕಳಿಸಿದ. ನಕ್ಷೆಯ ಹಾಳೆಯನ್ನು ಒಳಗಿಡುವಾಗ ನಾನು ಕಣ್ಣು ಮುಚ್ಚಿಕೊಂಡೆ ಅಂದರೆ ನಗಬೇಡಿ.

ಆಮೇಲೆ ಉಳಿದ ಸಿವಿಲ್ ಫೈಲುಗಳನ್ನೂ ಒಂದೊಂದಾಗಿ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ನಿಯಮ ಬಿಡು ಅನ್ನಲಿಲ್ಲ. ಮನೆಯಲ್ಲಿ ಕೈ ಬಿಗಿಯಾಯಿತು, ಗುಮಾಸ್ತನಿಗೆ ಬೇರೆ ಕಡೆ ನೋಡಿಕೋ ಅಂದೆ. ಹಳ್ಳಿಯವರು ಯಾರಾದರೂ ದನಿ ತಗ್ಗಿಸಿದರೆ ಸಾಕು, ಕಿವಿಗೆ ಕೈ ಹೋಗುತ್ತಿತ್ತು. ಒಮ್ಮೆ ಕಮಲಾಪುರಕ್ಕೆ ಒಂದು ಮದುವೆಗೆ ಹೊರಟವಳು, ಮಹಾಗಾಂವ ಕ್ರಾಸಿನಲ್ಲಿ ಟೆಂಪೋ ನಿಂತಾಗ ಇಳಿದುಬಿಟ್ಟೆ. ತೊಗರಿ ಹೂ ಬಿಟ್ಟಿತ್ತು. ಅಲ್ಲಿಂದ ಆ ಹೊಲ ಎರಡು ಮೂರು ಮೈಲಿ. ಹೋಗಿ ಏನು ಮಾಡಬೇಕೆಂದಿದ್ದೆನೋ ನನಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಎದುರು ಬಂದ ಬಸ್ಸು ಹತ್ತಿ ಮದುವೆಗೆ ಹೋಗದೆ ಊರಿಗೆ ವಾಪಸು ಬಂದೆ.

ವರ್ಷದ ಮೇಲಾಗಿ ತೀರ್ಪು ಬಂತು. ನಾನು ಬೇರೆ ಕೋರ್ಟಿನಲ್ಲಿದ್ದೆ, ಮಧ್ಯಾಹ್ನ ಸುದ್ದಿ ತಿಳಿಯಿತು. ಸಾಕ್ಷಿಗಳೆಲ್ಲ ಮನೆಯವರೇ, ಹಳೆಯ ದ್ವೇಷ ಬೇರೆ ಇದೆ, ಏಟು ಹಾಕಿದ್ದೆನ್ನಲಾದ ಆಯುಧವೇ ಸಿಕ್ಕಿಲ್ಲ. ಸಂಶಯದ ಲಾಭ ಆರೋಪಿಗೆ. ಬಿಡುಗಡೆ.

ಸಂಜೆ ಮೆಟ್ಟಿಲ ಕೆಳಗೆ ಅವನು ನಿಂತಿದ್ದ, ಏಟು ತಿಂದವನು. ನನ್ನನ್ನೇ ಕಾಯುತ್ತಿದ್ದ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಒಳ್ಳೆಯದೆಂದೂ ಅನ್ನಿಸಿತು. ಅವನು ಬೈಯಲಿಲ್ಲ.

"ಕೇಸು ಹೋಯ್ತರಿ ಮೇಡಂ."

"ಗೊತ್ತಾಯ್ತಪ್ಪ."

"ಅವತ್ತ ನಾ ನಿಮಗ ಹಂಗ ಅನಬಾರದಿತ್ತು. ತಪ್ಪಾತು. ಈ ಕಟ್ಟಡದಾಗ ಖರೆ ಮಾತು ಆಡಿದವ್ರು ನೀವೊಬ್ರೇ. ಅವ್ರು ನಮ್ಮ ಮಂದಿ ಅಂತ ಎದ್ದು ಹೇಳಿ ಬಾಜು ಸರದ್ರಿ. ಬ್ಯಾರೆದವ್ರು ಯಾರ ಹೇಳ್ತಿದ್ರು? ಅದಕ್ಕ ನಿಮಗ ಒಂದು ಕೇಳಬೇಕು ಅಂತ ನಿಂತೀನಿ."

"ಏನು?"

"ಜಜ್ಜ ಸಾಹೇಬ್ರು ಕೊಡ್ಲಿ ಸಿಕ್ಕಿಲ್ಲ, ಸಿಕ್ಕಿಲ್ಲ ಅಂತ ನಾಕು ಸಲ ಓದಿದ್ರಂತ. ನನ್ನ ಕೈ ಇಲ್ಲೇ ಅದ, ಕೊಡ್ಲಿ ಎಲ್ಲಿ ಹೋಗ್ತದರಿ? ನಿಮಗ ಆ ಹೊಲ ಎಲ್ಲಾ ಗೊತ್ತದ. ನಿಮಗೇನು ಅನಸ್ತದ, ಎಲ್ಲಿ ಇರಬೇಕ್ರಿ ಅದು?"

ಅವನ ಕಣ್ಣಲ್ಲಿ ಸಂಶಯದ ಒಂದು ಎಳೆಯೂ ಇರಲಿಲ್ಲ. ಇದ್ದಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ.

"ನನಗ ಹ್ಯಾಂಗ ಗೊತ್ತಾಗಬೇಕಪ್ಪ?" ಅಂದೆ.

ಅಷ್ಟು ಸಲೀಸಾಗಿ, ತಡವರಿಸದೆ, ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎಂದು ಇವತ್ತಿಗೂ ದಿಗಿಲಾಗುತ್ತದೆ. ಅವನು ಹೌದೆನ್ನುವಂತೆ ತಲೆ ಆಡಿಸಿದ. "ಅದೂ ಖರೆ. ನಿಮಗ ಹ್ಯಾಂಗ ಗೊತ್ತಿರಬೇಕು" ಎಂದ. ಆಮೇಲೆ ಎಡಗೈಯಿಂದ ಬಲಗೈಯನ್ನು ಎತ್ತಿ, ಎರಡನ್ನೂ ಹೇಗೋ ಜೋಡಿಸಿ ನನಗೆ ಕೈಮುಗಿದ.